ಸಣ್ಣ ಸಾಲದ ಬ್ಯಾಂಕಿನ ಷೇರು ಮತ್ತು ನಮ್ಮ ಹಾಲಿನ ಹಣ

(ಒಕ್ಕೂಟದ ತರಬೇತಿ ಕೇಂದ್ರದಲ್ಲಿ ಏರ್ಪಡಿಸಿದ್ದ ಸದಸ್ಯರ ಶಿಬಿರದಲ್ಲಿ, ಹಾಲು ಉತ್ಪಾದಕರ ಸಂಘವೊಂದರ ನಿವೃತ್ತ ಕಾರ್ಯದರ್ಶಿಗಳು ಮಾಡಿದ ಭಾಷಣದ ಪಾಠ. ಶಿಬಿರಕ್ಕೆ ಬರಲಾಗದ ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಪ್ರಕಟಿಸಲಾಗಿದೆ.)



ಈ ವೇದಿಕೆಯಲ್ಲಿ ಸಾಮಾನ್ಯವಾಗಿ ಕೆಚ್ಚಲುಬಾವು, ಹಸಿರು ಮೇವು, ಕೃತಕ ಗರ್ಭಧಾರಣೆ ಇವುಗಳ ಬಗ್ಗೆ ಮಾತನಾಡುವುದು ರೂಢಿ. ಇಂದು ನನಗೆ ಕೊಟ್ಟ ವಿಷಯ ಷೇರು. ಅದರಲ್ಲಿಯೂ ಸಣ್ಣ ಸಾಲ ಕೊಡುವುದನ್ನೇ ಕಸುಬು ಮಾಡಿಕೊಂಡ ಬ್ಯಾಂಕುಗಳ ಷೇರು. "ಹಾಲು ಕರೆಯುವವರಿಗೆ ಇದೇಕೆ?" ಎಂದು ತಾವು ಕೇಳಬಹುದು. ಹಾಲಿನ ಬಟವಾಡೆ ಈಗ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆಯಲ್ಲಿ ನಾಲ್ಕು ಕಾಸು ಉಳಿಯಿತೆಂದರೆ ಅದಕ್ಕೆ ದಾರಿ ತೋರಿಸುವವರೂ ಬರುತ್ತಾರೆ. ನಮ್ಮ ಮಕ್ಕಳ ಕೈಯಲ್ಲಿರುವ ಫೋನಿನಲ್ಲಿಯೇ ಡಿಮ್ಯಾಟ್ ಖಾತೆ ತೆರೆದುಕೊಳ್ಳುತ್ತದೆ. ಆದ್ದರಿಂದ ವಿಷಯ ನಮ್ಮ ಕೊಟ್ಟಿಗೆಯ ಬಾಗಿಲಿಗೇ ಬಂದಿದೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಎರಡು ಪಡ್ಡೆ ಮಾರಿದ ಹಣ, ಮನೆಯಾಕೆ ಹಾಲಿನ ಬಟವಾಡೆಯಲ್ಲಿ ಕೂಡಿಟ್ಟಿದ್ದ ಹಣ, ಒಟ್ಟು ಅರವತ್ತು ಸಾವಿರ ರೂಪಾಯಿಯನ್ನು ಇಂಥದೊಂದು ಬ್ಯಾಂಕಿನ ಷೇರಿಗೆ ಹಾಕಿದೆ. ಆ ಹಣ ಮಗಳ ನರ್ಸಿಂಗ್ ಶಿಕ್ಷಣದ ಎರಡನೇ ವರ್ಷದ ಶುಲ್ಕಕ್ಕೆಂದು ಇಟ್ಟದ್ದು. ಶುಲ್ಕ ಕಟ್ಟಲು ಹತ್ತು ತಿಂಗಳಿದೆ, ಅಷ್ಟರಲ್ಲಿ ಒಂದೂವರೆ ಪಟ್ಟಾಗುತ್ತದೆ ಎಂದು ಪೇಟೆಯ ಪರಿಚಯಸ್ಥರೊಬ್ಬರು ಹೇಳಿದರು. ಶುಲ್ಕದ ದಿನ ಬಂದಾಗ ಷೇರಿನ ಬೆಲೆ ಅರ್ಧಕ್ಕೆ ಇಳಿದಿತ್ತು. ಮೂವತ್ತೊಂದು ಸಾವಿರಕ್ಕೆ ಮಾರಿ, ಉಳಿದದ್ದಕ್ಕೆ ಕೈಸಾಲ ಮಾಡಿದೆ. ಮನೆಯಾಕೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಮುಂದೆ ಎರಡು ವರ್ಷದಲ್ಲಿ ಅದೇ ಷೇರು ಚೇತರಿಸಿಕೊಂಡು ನಾನು ಕೊಂಡ ಬೆಲೆಯನ್ನೂ ದಾಟಿತು. ಆ ಬ್ಯಾಂಕಿನ ಹೆಸರು ಇಲ್ಲಿ ಬೇಡ. ತಪ್ಪು ಬ್ಯಾಂಕಿನದಲ್ಲ, ದಿನಾಂಕ ಗೊತ್ತಿರುವ ಖರ್ಚಿನ ಹಣವನ್ನು ದಿನಾಂಕವೇ ಇಲ್ಲದ ಕಡೆ ಹಾಕಿದ ನನ್ನದು.

ನಮ್ಮ ಸಂಘದ ಷೇರೇ ಬೇರೆ, ಇದೇ ಬೇರೆ

ನಾವೆಲ್ಲರೂ ಷೇರುದಾರರೇ. ಸಂಘದಲ್ಲಿ ಷೇರು ಪಡೆದೇ ಸದಸ್ಯರಾಗಿದ್ದೇವೆ. ಆದರೆ ಸಹಕಾರ ಸಂಘದ ಷೇರಿನ ಮುಖಬೆಲೆ ನೂರಾದರೆ ನೂರೇ. ಅದು ಏರುವುದೂ ಇಲ್ಲ, ಪೇಟೆಯಲ್ಲಿ ಮಾರಾಟವಾಗುವುದೂ ಇಲ್ಲ. ಎಷ್ಟು ಷೇರಿದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ. ನಮಗೆ ಲಾಭ ಬರುವುದು ಷೇರಿನಿಂದಲ್ಲ, ಹಾಕಿದ ಹಾಲಿನಿಂದ. ಬೋನಸ್ಸು ಹಂಚುವುದೂ ಹಾಲಿನ ಲೆಕ್ಕದಲ್ಲಿಯೇ.

ಕಂಪನಿಯಾಗಿರುವ ಬ್ಯಾಂಕಿನ ಷೇರು ಹಾಗಲ್ಲ. ಅಲ್ಲಿ ಹತ್ತು ರೂಪಾಯಿ ಮುಖಬೆಲೆಯ ಷೇರು ನಾನೂರಕ್ಕೂ ಮಾರಾಟವಾಗಬಹುದು, ಎಂಟು ರೂಪಾಯಿಗೂ ಬೀಳಬಹುದು. ಹೆಚ್ಚು ಷೇರಿದ್ದವರ ಮಾತೇ ಹೆಚ್ಚು. ಬ್ಯಾಂಕ್ ಮುಳುಗಿದರೆ ಕಟ್ಟಕಡೆಗೆ ಹಣ ಸಿಗಬೇಕಾದವನು ಷೇರುದಾರ. ಠೇವಣಿದಾರರಿಗೆ 2020ರ ಫೆಬ್ರವರಿಯಿಂದ ಐದು ಲಕ್ಷ ರೂಪಾಯಿವರೆಗೆ ವಿಮೆಯಿದೆ. ಷೇರಿಗೆ ಒಂದು ರೂಪಾಯಿಯ ವಿಮೆಯೂ ಇಲ್ಲ. "ಬ್ಯಾಂಕಿನಲ್ಲಿ ಹಾಕಿದ್ದೇನೆ" ಎಂಬ ಒಂದೇ ಮಾತಿನಲ್ಲಿ ನಾವು ಇವೆರಡನ್ನೂ ಸೇರಿಸಿಬಿಡುತ್ತೇವೆ. ಅಲ್ಲಿಯೇ ಮೋಸ ಹೋಗುವುದು.

ಉದಾಹರಣೆಗೆ, ತಮಿಳುನಾಡಿನ ಕರೂರಿನಲ್ಲಿ 1926ರಲ್ಲಿ ಹುಟ್ಟಿದ ಲಕ್ಷ್ಮೀ ವಿಲಾಸ್ ಬ್ಯಾಂಕ್. ಅದು ಕೆಟ್ಟ ಸಾಲಗಳಿಂದ ಕುಸಿದು, 2020ರ ನವೆಂಬರ್ 27ರಂದು ಡಿ.ಬಿ.ಎಸ್. ಬ್ಯಾಂಕ್ ಇಂಡಿಯಾದಲ್ಲಿ ವಿಲೀನವಾಯಿತು. ಠೇವಣಿದಾರರ ಹಣ ಉಳಿಯಿತು. ಷೇರು ಬಂಡವಾಳವನ್ನು ಪೂರ್ತಿಯಾಗಿ ಅಳಿಸಿಹಾಕಲಾಯಿತು. ಷೇರುದಾರರಿಗೆ ಹೊಸ ಬ್ಯಾಂಕಿನ ಒಂದು ಷೇರೂ ಸಿಗಲಿಲ್ಲ.

ಈ ಕಿರು ಹಣಕಾಸು ಬ್ಯಾಂಕುಗಳು ಯಾವುವು?

ರಿಸರ್ವ್ ಬ್ಯಾಂಕ್ 2014ರ ನವೆಂಬರಿನಲ್ಲಿ ಕಿರು ಹಣಕಾಸು ಬ್ಯಾಂಕುಗಳಿಗೆ ಮಾರ್ಗಸೂಚಿ ಪ್ರಕಟಿಸಿ, 2015ರ ಸೆಪ್ಟೆಂಬರಿನಲ್ಲಿ ಹತ್ತು ಸಂಸ್ಥೆಗಳಿಗೆ ತಾತ್ವಿಕ ಒಪ್ಪಿಗೆ ಕೊಟ್ಟಿತು. ಅವುಗಳಲ್ಲಿ ನಮ್ಮ ಬೆಂಗಳೂರಿನ ಉಜ್ಜೀವನ್ ಮತ್ತು ಜನಲಕ್ಷ್ಮಿ ಎರಡೂ ಇದ್ದವು. ಮಹಿಳಾ ಗುಂಪುಗಳಿಗೆ ಸಾಲ ಕೊಡುತ್ತಿದ್ದ ಮೈಕ್ರೋಫೈನಾನ್ಸ್ ಸಂಸ್ಥೆಗಳೇ ಹೀಗೆ ಹೆಚ್ಚಾಗಿ ಬ್ಯಾಂಕುಗಳಾದವು. ಸಾಲಗಳಲ್ಲಿ ಅರ್ಧದಷ್ಟಾದರೂ 25 ಲಕ್ಷದೊಳಗಿನ ಸಣ್ಣ ಸಾಲಗಳಿರಬೇಕು ಎಂಬ ನಿಯಮವನ್ನು ಇವುಗಳಿಗೆ ಹಾಕಲಾಯಿತು. ಆದ್ಯತಾ ವಲಯಕ್ಕೆ ಶೇಕಡಾ 75ರಷ್ಟು ಸಾಲ ಕೊಡಬೇಕೆಂದಿದ್ದುದನ್ನು 2025ರಲ್ಲಿ ಶೇಕಡಾ 60ಕ್ಕೆ ಇಳಿಸಲಾಗಿದೆ. ಅಪಾಯ ಹೆಚ್ಚಾದ್ದರಿಂದ ಸ್ವಂತ ಬಂಡವಾಳವೂ ಹೆಚ್ಚಿರಬೇಕು: ಇತರ ಬ್ಯಾಂಕುಗಳಿಗೆ ಕನಿಷ್ಠ ಶೇಕಡಾ 9 ಇದ್ದರೆ ಇವುಗಳಿಗೆ ಶೇಕಡಾ 15.

ನಿವ್ವಳ ಸಂಪತ್ತು 500 ಕೋಟಿ ತಲುಪಿದ ಮೂರು ವರ್ಷದೊಳಗೆ ಷೇರುಪೇಟೆಯಲ್ಲಿ ಪಟ್ಟಿಯಾಗಬೇಕು ಎಂಬ ನಿಯಮವೂ ಇದೆ. ಆದ್ದರಿಂದಲೇ ಇವು ಒಂದರ ಹಿಂದೆ ಒಂದು ಸಾರ್ವಜನಿಕರ ಬಳಿ ಬಂದವು. ಬ್ಯಾಂಕು ಷೇರು ನೀಡುವುದು ನಮಗೆ ಉಪಕಾರ ಮಾಡಲಿಕ್ಕಲ್ಲ, ನಿಯಮವನ್ನು ಪಾಲಿಸಲಿಕ್ಕೆ ಮತ್ತು ಬಂಡವಾಳ ಕೂಡಿಸಲಿಕ್ಕೆ. ಇದು ತಪ್ಪೇನಲ್ಲ. ತಿಳಿದಿರಬೇಕು, ಅಷ್ಟೆ.

ಒಂದು ಷೇರಿನ ಏರಿಳಿತ

ಉಜ್ಜೀವನ್ ಕಿರು ಹಣಕಾಸು ಬ್ಯಾಂಕಿನ ಕಥೆ ಎಲ್ಲರಿಗೂ ಲಭ್ಯವಿರುವ ಸಾರ್ವಜನಿಕ ಲೆಕ್ಕ. ಇದು ನಾನು ಕೊಂಡ ಷೇರಲ್ಲ. 2019ರ ಡಿಸೆಂಬರಿನಲ್ಲಿ 37 ರೂಪಾಯಿಗೆ ಷೇರು ನೀಡಿದಾಗ ಸುಮಾರು 165 ಪಟ್ಟು ಅರ್ಜಿ ಬಂದವು. ಪಟ್ಟಿಯಾದ ದಿನವೇ ಬೆಲೆ 50 ರೂಪಾಯಿ ದಾಟಿತು. ಮೂರು ತಿಂಗಳಲ್ಲಿ ಕೊರೋನಾ ಬಂತು. ವಾರದ ಸಭೆ ನಿಂತಿತು, ಕಂತು ನಿಂತಿತು. 2021-22ರಲ್ಲಿ ಬ್ಯಾಂಕಿಗೆ 400 ಕೋಟಿಗೂ ಹೆಚ್ಚು ನಷ್ಟವಾಯಿತು. 2022ರಲ್ಲಿ ಷೇರು ವಿತರಣಾ ಬೆಲೆಯ ಅರ್ಧಕ್ಕಿಂತ ಕೆಳಗೆ ಇಳಿಯಿತು. ಮರುವರ್ಷ ಬಾಕಿ ವಸೂಲಾಗಿ ಸುಮಾರು 1,100 ಕೋಟಿ ಲಾಭ ಬಂತು. 2023ರಲ್ಲಿ ಷೇರು ಮತ್ತೆ 50 ದಾಟಿತು.

ಅದೇ ಬ್ಯಾಂಕು, ಅದೇ ಷೇರು. 2022ರಲ್ಲಿ ಮಾರಲೇಬೇಕಾಗಿ ಬಂದವನು ಅರ್ಧ ಕಳೆದುಕೊಂಡ. ತಡೆದು ಕೂರಲು ಶಕ್ತಿಯಿದ್ದವನು ಗಳಿಸಿದ. ಇಬ್ಬರ ವ್ಯತ್ಯಾಸ ಬುದ್ಧಿಯಲ್ಲಿ ಇರಲಿಲ್ಲ, ಆ ಹಣಕ್ಕೆ ಬೇರೆ ಕೆಲಸವಿತ್ತೋ ಇಲ್ಲವೋ ಎಂಬುದರಲ್ಲಿತ್ತು.

ತಡೆದು ಕೂತರೆ ಎಲ್ಲವೂ ಸರಿಹೋಗುತ್ತದೆ ಎಂದೂ ತಿಳಿಯಬೇಡಿ. ಎಸ್.ಕೆ.ಎಸ್. ಮೈಕ್ರೋಫೈನಾನ್ಸ್ ಎಂಬ ಸಂಸ್ಥೆ 2010ರ ಆಗಸ್ಟಿನಲ್ಲಿ 985 ರೂಪಾಯಿಗೆ ಷೇರು ನೀಡಿ ಪಟ್ಟಿಯಾಯಿತು. ಅದೇ ಅಕ್ಟೋಬರಿನಲ್ಲಿ ಆಂಧ್ರಪ್ರದೇಶ ಸರ್ಕಾರ ವಸೂಲಿ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಿತು. 2012ರಲ್ಲಿ ಆ ಷೇರು ನೂರು ರೂಪಾಯಿಗೂ ಕೆಳಗಿತ್ತು. ನಮ್ಮ ರಾಜ್ಯದಲ್ಲಿಯೂ 2025ರ ಫೆಬ್ರವರಿಯಲ್ಲಿ ಇಂಥದೇ ಸುಗ್ರೀವಾಜ್ಞೆ ಬಂತು. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಸಂಸ್ಥೆಗಳನ್ನು ಅದರಿಂದ ಹೊರಗಿಟ್ಟಿದ್ದರೂ, ಕರ್ನಾಟಕದಲ್ಲಿ ವಸೂಲಿ ಕುಗ್ಗಿತೆಂದು ಸಾಲ ಕೊಡುವ ಸಂಸ್ಥೆಗಳೇ ಹೇಳಿಕೊಂಡವು.

ಹಸು ನೋಡಿದಂತೆ ಬ್ಯಾಂಕನ್ನೂ ನೋಡಿ

ಸಂತೆಯಲ್ಲಿ ಹಸು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಕೆಚ್ಚಲು ಮುಟ್ಟುತ್ತೇವೆ, ಎಷ್ಟನೇ ಸೂಲು ಎಂದು ಕೇಳುತ್ತೇವೆ, ಎರಡು ಹೊತ್ತು ಕರೆದು ನೋಡದೆ ಹಣ ಕೊಡುವುದಿಲ್ಲ. ಷೇರನ್ನು ಮಾತ್ರ ಹೆಸರು ಕೇಳಿ ಕೊಳ್ಳುತ್ತೇವೆ. ಪ್ರತಿ ಮೂರು ತಿಂಗಳಿಗೊಮ್ಮೆ ಪಟ್ಟಿಯಾದ ಬ್ಯಾಂಕು ಲೆಕ್ಕ ಪ್ರಕಟಿಸಲೇಬೇಕು. ಅದರಲ್ಲಿ ಐದು ಅಂಶ ನೋಡಿದರೆ ಸಾಕು.

ಒಂದು: ವಸೂಲಾಗದ ಸಾಲ, ಅಂದರೆ ಎನ್.ಪಿ.ಎ. ಒಂದೇ ತ್ರೈಮಾಸಿಕ ನೋಡಬೇಡಿ, ಎರಡು ವರ್ಷದ ಅಂಕಿಗಳನ್ನು ಸಾಲಾಗಿ ಬರೆದು ನೋಡಿ. ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ.

ಎರಡು: ಅಡಮಾನವಿಲ್ಲದ ಸಾಲ ಎಷ್ಟು? ಗುಂಪು ಸಾಲಕ್ಕೆ ಅಡಮಾನವಿಲ್ಲ. ಮನೆ, ವಾಹನ, ಚಿನ್ನದ ಸಾಲಕ್ಕೆ ಇದೆ. ಜೈಪುರದ ಎ.ಯು. ಬ್ಯಾಂಕು ವಾಹನ ಸಾಲದ ಕಸುಬಿನಿಂದ ಬೆಳೆದದ್ದು. 2025ರ ಆಗಸ್ಟಿನಲ್ಲಿ ಪೂರ್ಣ ಪ್ರಮಾಣದ ಬ್ಯಾಂಕಾಗಲು ಅದಕ್ಕೆ ತಾತ್ವಿಕ ಒಪ್ಪಿಗೆ ಸಿಕ್ಕಿತು. ಎಲ್ಲ ಕಿರು ಬ್ಯಾಂಕುಗಳೂ ಒಂದೇ ತಳಿಯಲ್ಲ.

ಮೂರು: ಸಾಲ ಎಷ್ಟು ರಾಜ್ಯಗಳಲ್ಲಿ ಹರಡಿದೆ? ಒಂದೇ ರಾಜ್ಯದಲ್ಲಿ ಹೆಚ್ಚಿದ್ದರೆ ಅಲ್ಲಿನ ಒಂದು ಬರ, ಒಂದು ನೆರೆ, ಒಂದು ಸಾಲಮನ್ನಾ ಘೋಷಣೆ ಸಾಕು.

ನಾಲ್ಕು: ಸ್ವಂತ ಬಂಡವಾಳ. ಒಂದು ಸರಳ ಲೆಕ್ಕ ಮಾಡೋಣ. ಬ್ಯಾಂಕು 100 ರೂಪಾಯಿ ಸಾಲ ಕೊಟ್ಟಿದೆ, ಅದರಲ್ಲಿ ಷೇರುದಾರರ ಹಣ 15, ಉಳಿದ 85 ಠೇವಣಿದಾರರದು ಎಂದಿಟ್ಟುಕೊಳ್ಳಿ. 5 ರೂಪಾಯಿ ಸಾಲ ಮುಳುಗಿ, ಬಡ್ಡಿ ಆದಾಯ ಅದನ್ನು ತುಂಬದಿದ್ದರೆ, ಹೋಗುವುದು ಷೇರುದಾರರ 15ರಲ್ಲಿ 5, ಅಂದರೆ ಮೂರನೆಯ ಒಂದು ಪಾಲು. ನೂರಕ್ಕೆ ಐದು ಎಂದು ಕೇಳಿದಾಗ ಸಣ್ಣದೆನಿಸುತ್ತದೆ, ನಮ್ಮ ಪಾಲಿಗೆ ಅದು ಸಣ್ಣದಲ್ಲ.

ಐದು: ಪುಸ್ತಕ ಮೌಲ್ಯ. ಬ್ಯಾಂಕಿನ ನಿವ್ವಳ ಸಂಪತ್ತು 1,000 ಕೋಟಿ, ಷೇರುಗಳು 50 ಕೋಟಿ ಇದ್ದರೆ ಒಂದು ಷೇರಿನ ಹಿಂದೆ ಇರುವುದು 20 ರೂಪಾಯಿ. ಪೇಟೆಯ ಬೆಲೆ 60 ಇದ್ದರೆ 20ರ ವಸ್ತುವಿಗೆ 60 ಕೊಡುತ್ತಿದ್ದೀರಿ. ಮುಂದೆ ಬಹಳ ಬೆಳೆಯುವ ಬ್ಯಾಂಕಾದರೆ ಅದೂ ಸರಿಯಿರಬಹುದು. ಕೊಡುವುದು ತಿಳಿದು ಕೊಡಿ.

ನಮ್ಮ ಬೀದಿಯದೇ ಬಡ್ಡಿ

ಇನ್ನೊಂದು ಮಾತನ್ನು ವಿಶೇಷವಾಗಿ ಮಹಿಳಾ ಸದಸ್ಯರ ಮುಂದೆ ಇಡಬಯಸುತ್ತೇನೆ. ಈ ಬ್ಯಾಂಕುಗಳ ಲಾಭ ಎಲ್ಲಿಂದ ಬರುತ್ತದೆ? ನಮ್ಮ ಬೀದಿಯ ಗುಂಪು ಸಾಲದ ಬಡ್ಡಿಯಿಂದ. ಅದು ಸಾಮಾನ್ಯವಾಗಿ ಶೇಕಡಾ 20ರ ಮೇಲೆ. ಗಂಡ ಫೋನಿನಲ್ಲಿ ಬ್ಯಾಂಕಿನ ಷೇರು ಕೊಳ್ಳುತ್ತಾನೆ, ಹೆಂಡತಿ ಅದೇ ಮಾದರಿಯ ಬ್ಯಾಂಕಿಗೆ ವಾರದ ಕಂತು ಕಟ್ಟುತ್ತಾಳೆ. ಇಂಥ ಮನೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶೇಕಡಾ 22ರ ಸಾಲ ಮನೆಯಲ್ಲಿ ಇರುವಾಗ ಅದನ್ನು ತೀರಿಸುವುದಕ್ಕಿಂತ ಖಚಿತವಾದ ಲಾಭ ಯಾವ ಷೇರಿನಲ್ಲಿಯೂ ಇಲ್ಲ. ಸಾಲ ತೀರಿಸಿದ ಹಣ ಆ ದಿನದಿಂದಲೇ ಶೇಕಡಾ 22 ಗಳಿಸಿದಂತೆ, ಅದೂ ಅಪಾಯವಿಲ್ಲದೆ. ಪಶುಸಂಗೋಪನೆಗೂ ಕಿಸಾನ್ ಕ್ರೆಡಿಟ್ ಕಾರ್ಡ್ 2018-19ರಿಂದ ವಿಸ್ತರಿಸಿದೆ; ಮೇವು, ಹಿಂಡಿಯ ಖರ್ಚಿಗೆ ಮೊದಲು ಅದನ್ನು ವಿಚಾರಿಸಿ.

ಹಾಗಾದರೆ ಕೊಳ್ಳಲೇಬಾರದೇ?

ಹಾಗೆ ನಾನು ಹೇಳುತ್ತಿಲ್ಲ. ಇಂಥ ಷೇರು ಕೊಳ್ಳಿ ಎಂದೂ ಹೇಳುವುದಿಲ್ಲ, ಅದು ನನ್ನ ಅಧಿಕಾರವೂ ಅಲ್ಲ. ಬಡ್ಡಿಯ ಸಾಲ ತೀರಿರಬೇಕು. ರಾಸುಗಳ ವಿಮೆ ಕಟ್ಟಿರಬೇಕು. ಹಸು ಬತ್ತುವ ಕಾಲದ ಖರ್ಚು, ಮಕ್ಕಳ ಶುಲ್ಕ, ಆಸ್ಪತ್ರೆಯ ಹಣ ಠೇವಣಿಯಲ್ಲಿರಬೇಕು. ಅನಂತರ ಉಳಿದದ್ದರಲ್ಲಿ, ಐದು ವರ್ಷ ಮುಟ್ಟಬೇಕಾಗಿಲ್ಲದ ಹಣದಲ್ಲಿ ಒಂದು ಸಣ್ಣ ಪಾಲು ಹಾಕಬಹುದು. ಆ ಪಾಲು ಪೂರ್ತಿ ಹೋದರೂ ಮನೆಯ ಒಲೆ ಉರಿಯಬೇಕು. ಅದನ್ನೂ ಒಂದೇ ಬ್ಯಾಂಕಿಗೆ ಹಾಕಬೇಡಿ.

ಹೊಸ ಷೇರಿಗೆ ಅರ್ಜಿ ಹಾಕುವಾಗ ಹಣವನ್ನು ಯಾರ ಕೈಗೂ ಕೊಡಬೇಕಾಗಿಲ್ಲ. ನಿಮ್ಮ ಖಾತೆಯಲ್ಲಿಯೇ ಅದು ತಡೆಹಿಡಿದಿರುತ್ತದೆ, ಷೇರು ಸಿಕ್ಕರೆ ಮಾತ್ರ ಕಡಿತವಾಗುತ್ತದೆ. "ನನ್ನ ಖಾತೆಗೆ ಹಾಕಿ, ನಾನು ಕೊಡಿಸುತ್ತೇನೆ" ಎಂದವರನ್ನು ಹಾಗೆಯೇ ಹಿಂದಕ್ಕೆ ಕಳುಹಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯಲ್ಲಿ ಹಾಲು ಕರೆಯುವ ಕೈಯನ್ನು ಕೇಳದೆ ಹಾಲಿನ ಹಣವನ್ನು ಎಲ್ಲಿಯೂ ಹಾಕಬೇಡಿ. ನಾನು ಕೇಳಿರಲಿಲ್ಲ.

ಮಗಳು ಈಗ ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದಾಳೆ. ಆ ಕೈಸಾಲ ತೀರಿಸಲು ನನಗೆ ಒಂದೂವರೆ ವರ್ಷ ಹಿಡಿಯಿತು, ಪ್ರತಿ ಬಟವಾಡೆಯಲ್ಲಿ ಸ್ವಲ್ಪ ಸ್ವಲ್ಪವಾಗಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಹಾಲಿನವರಿಗೇ ಮರೆತುಹೋದರೆ ಹೇಗೆ? ಸಂಘಕ್ಕೆ ಬಂದ ಹಾಲನ್ನು ಪರೀಕ್ಷೆ ಮಾಡದೆ ನಾವು ಕ್ಯಾನಿಗೆ ಸುರಿಯುವುದಿಲ್ಲ. ನಮ್ಮ ಹಣಕ್ಕೂ ಅಷ್ಟು ಮರ್ಯಾದೆ ಕೊಡೋಣ.