ಸುಣ್ಣದ ಕಾವು



ಮಳೆಗಾಲದ ಹೊಸ್ತಿಲಲ್ಲಿ ಮಲೆನಾಡಿನ ಅಡಕೆ ಬೆಳೆಗಾರರು ಕೊಳೆರೋಗದ ಔಷಧಿಗೆಂದು ಸುಣ್ಣ ನೆನೆಹಾಕುತ್ತಾರೆ. ಸುಟ್ಟ ಸುಣ್ಣಕ್ಕೆ ನೀರು ಬಿದ್ದೊಡನೆ ಅದು ಕೊತಕೊತನೆ ಕುದಿಯುತ್ತದೆ. ಒಲೆಯಿಲ್ಲ, ಬೆಂಕಿಯಿಲ್ಲ, ಕಾವು ಎಲ್ಲಿಂದ ಬಂತು?

ಸುಣ್ಣದ ಭಟ್ಟಿಯಿಂದ. ಅಲ್ಲಿ ಸುಣ್ಣಕಲ್ಲನ್ನೋ ಚಿಪ್ಪನ್ನೋ ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಬೇರ್ಪಡುತ್ತದೆ. ಶಾಖವನ್ನು ಹೀರಿಕೊಳ್ಳುವ ಈ ವಿಭಜನೆ ಅಂತರುಷ್ಣಕ ಕ್ರಿಯೆ. ಒಂದು ಕಿಲೋ ಸುಟ್ಟ ಸುಣ್ಣಕ್ಕೆ ಸುಮಾರು 3,200 ಕಿಲೋಜೂಲ್ ಬೇಕು. ಭಟ್ಟಿಯಲ್ಲಿ ಪೋಲಾಗುವುದು ಬೇರೆ. ನೀರಿನೊಡನೆ ಸಂಯೋಗವಾಗುವಾಗ ಅದರಲ್ಲಿ ಸುಮಾರು 1,150 ಕಿಲೋಜೂಲ್ ಹೊರಬರುತ್ತದೆ, ಮೂರು ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರುವಷ್ಟು. ಇದು ಬಹಿರುಷ್ಣಕ. ಕಟ್ಟಿಗೆ ಉರಿಸಿದ ಭಟ್ಟಿಯ ಸುಣ್ಣವಾದರೆ ಆ ಕಾವು ಕಾಡಿನದೇ.

ಗಾಳಿಗೆ ತೆರೆದಿಟ್ಟು ಹಳತಾದ ಸುಣ್ಣ ಕಾಯುವುದಿಲ್ಲ. ತನ್ನ ಕಾವನ್ನೂ ಸತ್ವವನ್ನೂ ಅದು ಗಾಳಿಗೆ ಒಪ್ಪಿಸಿರುತ್ತದೆ. ಹೊಸ ಸುಣ್ಣವೇ ಆದರೂ ಪೂರ್ಣ ಆರಿದ ಮೇಲೆಯೇ ಮೈಲುತುತ್ತದ ದ್ರಾವಣ ಬೆರೆಸಬೇಕು. ಬಿಸಿಯಲ್ಲಿ ಬೆರೆಸಿದರೆ ಚೆಂದದ ನೀಲಿ ಹೋಗಿ ಕಪ್ಪಾಗುತ್ತದೆ.

ಸುಣ್ಣ ಸಾಲದ ಔಷಧಿ ಎಳೆಕಾಯಿಯನ್ನು ಸುಟ್ಟೀತು. ಆದುದರಿಂದ ಸಾಣೆ ಹಿಡಿದ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುವುದು ಒಳಿತು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು.