ಅಂಕ ಕೊಟ್ಟವರು ಯಾರು, ಖರ್ಚು ಕೊಟ್ಟವರು ಯಾರು?



ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ರೈತರು ಗದಗ ಇಲ್ಲವೆ ಬ್ಯಾಡಗಿ ಮಾರುಕಟ್ಟೆಗೆ ಒಣಮೆಣಸಿನಕಾಯಿ ತಂದಾಗ, ಖರೀದಿದಾರ ಕಾಯಿ ಮುರಿದು ಬಣ್ಣ ನೋಡಿ ದರ ಬರೆಯುತ್ತಾನೆ. ಅಂದಾಜು ತಪ್ಪಿದರೆ ನಷ್ಟ ಅವನದೇ. ವೈನಿಗೆ ಅಂಕ ಕೊಡುವವರಿಗೆ ಆ ಭಯವಿಲ್ಲ. ರುಚಿ ಹೇಳುವವರು ಒಬ್ಬರು, ದುಡ್ಡು ಕೊಟ್ಟು ಕೊಳ್ಳುವವರು ಇನ್ನೊಬ್ಬರು. ಈ ಇಬ್ಬರ ನಡುವೆ ಜಾಹೀರಾತಿನ ಹಣ ಬಂದು ಕೂತ ಕಥೆ ಇವತ್ತಿನದು.

1978ರಲ್ಲಿ ಅಮೆರಿಕದ ವಕೀಲ ರಾಬರ್ಟ್ ಪಾರ್ಕರ್ 'ವೈನ್ ಅಡ್ವೊಕೇಟ್' ಪತ್ರಿಕೆ ಶುರುಮಾಡಿದರು. ಜಾಹೀರಾತು ಬೇಡ, ಚಂದಾ ಹಣ ಸಾಕು ಎಂಬುದು ಅವರ ಹಟ. ನೂರಕ್ಕೆ ಇಷ್ಟು ಎಂದು ಅಂಕ ಕೊಡುವ ಪದ್ಧತಿ ಜನಪ್ರಿಯವಾದದ್ದೂ ಅವರಿಂದಲೇ. ಆ ಲೆಕ್ಕ 50ರಿಂದ ಶುರು. ಅಂದರೆ ಸುಮ್ಮನೆ ಹಾಜರಿದ್ದದ್ದಕ್ಕೇ ಅರ್ಧ ಅಂಕ! 'ವೈನ್ ಸ್ಪೆಕ್ಟೇಟರ್' ಪತ್ರಿಕೆಯೂ ನೂರರ ಅಂಕವನ್ನೇ ಹಿಡಿಯಿತು, ಆದರೆ ಪುಟಗಟ್ಟಲೆ ಜಾಹೀರಾತು ಪಡೆಯಿತು. ಬಾಟಲಿಯ ಹೆಸರು ಮುಚ್ಚಿಟ್ಟೇ ರುಚಿ ನೋಡುತ್ತೇವೆ ಎಂದು ಅದು ಹೇಳುತ್ತ ಬಂದಿದೆ.

ಜೊನಾಥನ್ ರಾಯ್ಟರ್ ಎಂಬ ಅರ್ಥಶಾಸ್ತ್ರಜ್ಞರು ಎರಡೂ ಪತ್ರಿಕೆಗಳ ಅಂಕ ಹೋಲಿಸಿ 2009ರಲ್ಲಿ ಪ್ರಬಂಧ ಪ್ರಕಟಿಸಿದರು. ಜಾಹೀರಾತು ಕೊಟ್ಟವರ ವೈನಿಗೆ ಸ್ಪೆಕ್ಟೇಟರ್‌ನಲ್ಲಿ ಸಿಕ್ಕ ಲಾಭ ಒಂದು ಅಂಕಕ್ಕೂ ಕಡಿಮೆ. ಇದನ್ನು ಲಂಚ ಎನ್ನಲಾಗದು, ಅವರೂ ಹಾಗೆ ಅನ್ನಲಿಲ್ಲ. ಆದರೆ 89ಕ್ಕೂ 90ಕ್ಕೂ ಅಂಗಡಿಯಲ್ಲಿ ಇರುವ ಅಂತರ ವ್ಯಾಪಾರಿಗೆ ಗೊತ್ತು.

ಅದಕ್ಕೂ ಮೊದಲು, 2008ರಲ್ಲಿ, ರಾಬಿನ್ ಗೋಲ್ಡ್‌ಸ್ಟೀನ್ ಎಂಬವರು ಮಿಲಾನ್ ನಗರದಲ್ಲಿ ಇಲ್ಲದೇ ಇದ್ದ ಒಂದು ಹೋಟೆಲಿನ ಹೆಸರಲ್ಲಿ 250 ಡಾಲರ್ ಶುಲ್ಕ ಕಟ್ಟಿ ಅರ್ಜಿ ಹಾಕಿದರು. ಹೋಟೆಲುಗಳ ವೈನ್ ಪಟ್ಟಿಗೆ ಅದೇ ಸ್ಪೆಕ್ಟೇಟರ್ ಕೊಡುವ ಪ್ರಶಸ್ತಿ ಬಂತು. ಒಲೆಯೇ ಹೊತ್ತದ ಅಡಿಗೆಮನೆಗೆ ಗೌರವ!

ನಮ್ಮಲ್ಲಿ ನಂದಿ ಬೆಟ್ಟದ ಬುಡದಲ್ಲಿ ಗ್ರೋವರ್ ಕುಟುಂಬ ವೈನ್ ದ್ರಾಕ್ಷಿ ಬೆಳೆಸಿತು. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದಿತು. ಗದಗದ ನೆರೆಯ ಬಾಗಲಕೋಟೆ, ಅದರಾಚೆಯ ವಿಜಯಪುರದ ದ್ರಾಕ್ಷಿಗೂ ಈ ದಾರಿ ತೆರೆಯಿತು. ಟಿವಿಯಲ್ಲಿ ಮದ್ಯದ ನೇರ ಜಾಹೀರಾತಿಗೆ ನಿಷೇಧವಿದೆ. ಹೀಗಾಗಿ ಪ್ರಚಾರಕ್ಕೆ ಸ್ಪರ್ಧೆ, ಪದಕ, ಉತ್ಸವಗಳ ದಾರಿಯೂ ಇದೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಪ್ರವೇಶ ಶುಲ್ಕ ಕಟ್ಟುವವರು ಉತ್ಪಾದಕರೇ. ಬಾಟಲಿಯ ಮೇಲಿನ ಪದಕದ ಚೀಟಿ ಸುಳ್ಳಲ್ಲ, ಆದರೆ ಶುಲ್ಕ ಕಟ್ಟದೆ ಹೊರಗುಳಿದ ವೈನುಗಳ ಸುದ್ದಿ ಅದರಲ್ಲಿ ಇರುವುದಿಲ್ಲ.

ಹಣ ಪಡೆದು ಹೊಗಳುವವರು ಆ ಸಂಬಂಧವನ್ನು ಬಹಿರಂಗಪಡಿಸಬೇಕೆಂದು 2022ರ ಕೇಂದ್ರ ಮಾರ್ಗಸೂಚಿ ಹೇಳುತ್ತದೆ. ವೈನಿರಲಿ, ಬೀಜವಿರಲಿ, ಮೊಬೈಲ್ ಇರಲಿ, ದಾರಿ ತಪ್ಪಿಸುವ ಜಾಹೀರಾತು ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಿ.