ಕಂಪ್ಯೂಟರಿನ ನಾಡಿ ನೋಡುವ ಪರದೆ



ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಗಳು ಬರೀ ನೆನಪು ಹೇಳಿ ಹೋಗಬಾರದು, ತಮ್ಮ ಕಸುಬಿನಿಂದ ಮಕ್ಕಳಿಗೆ ಉಪಯೋಗವಾಗುವ ಒಂದು ವಿಷಯ ಹೇಳಬೇಕು ಎಂದು ಮುಖ್ಯ ಶಿಕ್ಷಕರು ಅಪ್ಪಣೆ ಮಾಡಿದ್ದಾರೆ. ನನ್ನದು ತಾಲ್ಲೂಕು ಕೇಂದ್ರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಹಾಗಾಗಿ ಕಂಪ್ಯೂಟರು ತನ್ನ ಆರೋಗ್ಯವನ್ನು ತಾನೇ ಹೇಳಿಕೊಳ್ಳುವಂತೆ ಮಾಡುವ ಪುಟ್ಟ ಪರದೆಯ ಬಗ್ಗೆ ಮಾತಾಡುತ್ತೇನೆ.

ಇದರಿಂದ ಏನು ಪ್ರಯೋಜನ ಎಂದು ಕೇಳಬಹುದು. ನಮ್ಮ ಅಂಗಡಿಗೆ ಜೆರಾಕ್ಸ್ ಮತ್ತು ಡಿ.ಟಿ.ಪಿ. ಕೆಲಸ ಮಾಡುವ ಒಬ್ಬ ಹೆಣ್ಣುಮಗಳು ಬಂದರು. “ಅಣ್ಣಾ, ಕಂಪ್ಯೂಟರ್ ತುಂಬಾ ಸ್ಲೋ ಆಗಿದೆ. ಹಳೇದಾಯ್ತು, ಹೊಸದು ತಗೊಳ್ಳಿ ಅಂದ್ರು. ಸಂಘದಲ್ಲಿ ಸಾಲ ಕೇಳಿದ್ದೀನಿ” ಎಂದರು. ಯಂತ್ರವನ್ನು ಚಾಲೂ ಮಾಡಿ, ಸ್ವಲ್ಪ ಭಾರದ ಕೆಲಸ ಕೊಟ್ಟು ನೋಡಿದೆ. ಎರಡು ನಿಮಿಷದೊಳಗೆ ಪ್ರೊಸೆಸರಿನ ಉಷ್ಣತೆ 100 ಡಿಗ್ರಿಗೆ ಹೋಯಿತು, ಅದರ ವೇಗ ಅರ್ಧಕ್ಕಿಳಿಯಿತು. ಬಿಚ್ಚಿದಾಗ ಶಾಖ ಹೊರಹಾಕುವ ಲೋಹದ ಪಟ್ಟಿಗಳ ನಡುವೆ ಕಂಬಳಿಯಂತೆ ಧೂಳು ಕೂತಿತ್ತು. ಬ್ರಷ್ ಹಿಡಿದು ತೆಗೆದು, ಒಣಗಿದ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ಅದೇ ಕೆಲಸಕ್ಕೆ ಉಷ್ಣತೆ 65ರಲ್ಲಿ ನಿಂತಿತು. ಅವರು ಸಾಲದ ಅರ್ಜಿಯನ್ನು ವಾಪಸು ಪಡೆದರು.

ಅವರ ಯಂತ್ರ ಕೆಟ್ಟಿರಲಿಲ್ಲ. ಇಂದಿನ ಪ್ರೊಸೆಸರುಗಳು ಮಿತಿ ಮೀರಿ ಬಿಸಿಯಾದಾಗ ಸುಟ್ಟುಹೋಗದಂತೆ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಹೊರಗಿನಿಂದ ನೋಡುವವರಿಗೆ ಅದು ಮುಪ್ಪಿನಂತೆ ಕಾಣುತ್ತದೆ, ಒಳಗೆ ಇರುವುದು ಜ್ವರ. ಜ್ವರವನ್ನು ಮುಪ್ಪು ಎಂದುಕೊಂಡರೆ ಬಡವರ ದುಡ್ಡು ಹೋಗುತ್ತದೆ. ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲೂ ಹಾಗೆಯೇ. ಒಂದು ಯಂತ್ರ ಮೂಲೆ ಸೇರಿದರೆ, ಇನ್ನೊಂದರ ಮುಂದೆ ಮೂವರ ಬದಲು ಐವರು ಮಕ್ಕಳು ಕೂರಬೇಕು. ಕೊನೆಯಲ್ಲಿ ಕೂತ ಮಗುವಿಗೆ ಮೌಸ್ ಸಿಗುವುದೇ ಇಲ್ಲ.

ಈಗ ಈ ಅಂಕಿಗಳು ಎಲ್ಲಿಂದ ಬರುತ್ತವೆ ನೋಡೋಣ. ಪ್ರೊಸೆಸರಿನ ಒಳಗೇ ಉಷ್ಣತೆ ಅಳೆಯುವ ಸಂವೇದಕ, ಅಂದರೆ ಸೆನ್ಸರ್, ಇರುತ್ತದೆ. ಫ್ಯಾನಿನ ವೇಗ ತಿಳಿಯುವ ಬಗೆ ಇನ್ನೂ ಸುಲಭ. ಕಂಪ್ಯೂಟರಿನ ಫ್ಯಾನು ಸಾಮಾನ್ಯವಾಗಿ ಒಂದು ಸುತ್ತಿಗೆ ಎರಡು ಮಿಡಿತಗಳನ್ನು ಒಂದು ತಂತಿಯ ಮೂಲಕ ಕಳಿಸುತ್ತದೆ. ಸೆಕೆಂಡಿಗೆ 40 ಮಿಡಿತ ಬಂದರೆ 20 ಸುತ್ತು, ನಿಮಿಷಕ್ಕೆ 1200 ಸುತ್ತು. ಏಳನೇ ತರಗತಿಯ ಲೆಕ್ಕ ಇದಕ್ಕೆ ಸಾಕು. ಮದರ್‌ಬೋರ್ಡಿನ ಮೇಲಿರುವ ಒಂದು ಚಿಪ್ ಈ ಮಿಡಿತಗಳನ್ನೂ ವಿದ್ಯುತ್ತಿನ ವೋಲ್ಟೇಜನ್ನೂ ಅಳೆಯುತ್ತಿರುತ್ತದೆ. ಹಾರ್ಡ್‌ಡಿಸ್ಕ್ ಕೂಡ ತಾನು ಎಷ್ಟು ಗಂಟೆ ದುಡಿದಿದ್ದೇನೆ, ಎಷ್ಟು ಜಾಗ ಕೆಟ್ಟು ಬದಲಾಯಿಸಿಕೊಂಡಿದ್ದೇನೆ ಎಂದು ಬರೆದಿಟ್ಟುಕೊಳ್ಳುತ್ತದೆ.

ಲಿನಕ್ಸ್ ಇರುವ ಯಂತ್ರದಲ್ಲಿ ಎಲ್‌ಎಂ-ಸೆನ್ಸರ್ಸ್ ಎಂಬ ಉಚಿತ ತಂತ್ರಾಂಶ ಈ ಅಂಕಿಗಳನ್ನು ಓದಿ ಕೊಡುತ್ತದೆ, ಕಾಂಕಿ ಎಂಬುದು ಅವನ್ನು ಪರದೆಯ ಒಂದು ಬದಿಯಲ್ಲಿ ನಮಗೆ ಬೇಕಾದ ರೂಪದಲ್ಲಿ ತೋರಿಸುತ್ತದೆ. ವಿಂಡೋಸ್‌ನಲ್ಲಿ ಓದುವುದಕ್ಕೆ ಲಿಬ್ರೆ ಹಾರ್ಡ್‌ವೇರ್ ಮಾನಿಟರ್, ತೋರಿಸುವುದಕ್ಕೆ ರೇನ್‌ಮೀಟರ್ ಇವೆ. ಇವೂ ಉಚಿತವೇ. ಹೊಸ ವಿನ್ಯಾಸಕ್ಕೆ ಒಂದು ಸಾದಾ ಪಠ್ಯ ಕಡತದಲ್ಲಿ ನಾಲ್ಕು ಸಾಲು ಬರೆದರೆ ಆಯಿತು.

ಕಷ್ಟ ಶುರುವಾಗುವುದು ಇಲ್ಲಿಂದ ಮುಂದೆ. ಅಂಕಿಗಳು ನೂರಾರು ಸಿಗುತ್ತವೆ. ಎಲ್ಲವನ್ನೂ ಬಣ್ಣ ಬಣ್ಣದ ಗಡಿಯಾರಗಳಂತೆ ಪರದೆಯ ತುಂಬ ಹರಡಿದರೆ ನೋಡಲು ಚೆನ್ನ, ಯಾರಿಗೂ ಏನೂ ತಿಳಿಯುವುದಿಲ್ಲ. ಪರದೆ ವಿನ್ಯಾಸ ಮಾಡುವವರು ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಇದನ್ನು ನೋಡುವವರು ಯಾರು? ನೋಡಿದ ಮೇಲೆ ಅವರು ಏನು ಮಾಡಬಲ್ಲರು? ಎರಡನೆಯ ಪ್ರಶ್ನೆಗೆ ಉತ್ತರವಿಲ್ಲದ ಅಂಕಿಗೆ ಪರದೆಯ ಮೇಲೆ ಜಾಗ ಕೊಡಬಾರದು. ಬಸ್ ಡ್ರೈವರಿನ ಮುಂದೆ ಇರುವ ಮುಳ್ಳುಗಳು ನಾಲ್ಕೈದೇ. ಎಂಜಿನ್ನಿನಲ್ಲಿ ಅಳೆಯಬಹುದಾದದ್ದು ಇನ್ನೂ ಎಷ್ಟೋ ಇದ್ದರೂ, ಅವರು ದಾರಿಯ ಮೇಲೆ ಕಣ್ಣಿಡಬೇಕು.

ಶಾಲೆಯ ಕೋಣೆಗೆ ನನ್ನ ಲೆಕ್ಕದಲ್ಲಿ ನಾಲ್ಕು ಸಾಕು: ಪ್ರೊಸೆಸರಿನ ಉಷ್ಣತೆ, ಅದರ ಮೇಲಿರುವ ಕೆಲಸದ ಹೊರೆ, ಫ್ಯಾನಿನ ವೇಗ, ಡಿಸ್ಕಿನ ಸ್ಥಿತಿ. ಉಷ್ಣತೆಯ ಪಕ್ಕದಲ್ಲೇ ಹೊರೆಯನ್ನು ಇಡುವುದಕ್ಕೆ ಕಾರಣವಿದೆ. 72 ಡಿಗ್ರಿ ಒಳ್ಳೆಯದೋ ಕೆಟ್ಟದ್ದೋ? ಯಂತ್ರ ಪೂರ್ತಿ ದುಡಿಯುತ್ತಿದ್ದರೆ ಅದು ಮಾಮೂಲು. ಏನೂ ಕೆಲಸವಿಲ್ಲದೆ ಸುಮ್ಮನಿರುವಾಗ 72 ಇದ್ದರೆ ಧೂಳೋ, ಫ್ಯಾನೋ, ಪೇಸ್ಟೋ ಕೈಕೊಟ್ಟಿದೆ ಎಂದರ್ಥ. ಓಡಿ ಬಂದವನ ಎದೆಬಡಿತಕ್ಕೂ ಮಲಗಿದ್ದವನ ಎದೆಬಡಿತಕ್ಕೂ ವೈದ್ಯರು ಬೇರೆ ಬೇರೆ ಅರ್ಥ ಮಾಡುತ್ತಾರಲ್ಲ, ಹಾಗೆ. ಒಂದು ಅಂಕಿ ಒಂಟಿಯಾಗಿ ನಿಂತರೆ ಸುಳ್ಳು ಹೇಳದಿದ್ದರೂ ದಾರಿ ತಪ್ಪಿಸುತ್ತದೆ.

ಇನ್ನು ಎಚ್ಚರಿಕೆ ಕೊಡುವ ಬಗೆ. “ತೋಳ ಬಂತು ತೋಳ” ಎಂದು ಕೂಗಿದ ಹುಡುಗನ ಕತೆ ನಿಮಗೆಲ್ಲ ಗೊತ್ತು. ಪರದೆಯೂ ಆ ಹುಡುಗನಂತೆ ಆಗಬಾರದು. 85 ಡಿಗ್ರಿಗೆ ಕೆಂಪಾಗಲಿ ಎಂದು ಬರೆದಿರಿ ಎನ್ನಿ. ಉಷ್ಣತೆ 84, 85, 84 ಎಂದು ಆಡುತ್ತಿದ್ದರೆ ಬಣ್ಣ ಮಿನುಗುತ್ತಲೇ ಇರುತ್ತದೆ, ಎರಡು ದಿನದಲ್ಲಿ ಯಾರೂ ಅದರತ್ತ ತಿರುಗಿ ನೋಡುವುದಿಲ್ಲ. ಅದಕ್ಕೆ ಉಪಾಯವೆಂದರೆ, ಕೆಂಪಾಗುವುದು 85ಕ್ಕೆ, ಮತ್ತೆ ಮಾಮೂಲಿಗೆ ಮರಳುವುದು 80ಕ್ಕೆ ಇಳಿದ ಮೇಲೆ. ಎರಡು ಗಡಿಗಳ ನಡುವೆ ಅಂತರವಿದ್ದರೆ ಚಂಚಲತೆ ಇರುವುದಿಲ್ಲ. ಬಣ್ಣವನ್ನೇ ನೆಚ್ಚಿಕೊಳ್ಳುವುದೂ ಸರಿಯಲ್ಲ. ಕೆಂಪು ಹಸಿರಿನ ವ್ಯತ್ಯಾಸ ಕಾಣದ ಮಕ್ಕಳು, ಅದರಲ್ಲೂ ಗಂಡು ಮಕ್ಕಳು, ನಮ್ಮ ನಡುವೆ ಇರುತ್ತಾರೆ. ಬಣ್ಣದ ಜೊತೆ ಒಂದು ಮಾತೂ ಇರಲಿ.

ಯಾವ ಮಾತು? ‘ಬಿಸಿ’ ಎಂದು ಬರೆದರೆ ಅರ್ಧ. ‘ಬಿಸಿ ಇದೆ, ಮೇಷ್ಟರಿಗೆ ಹೇಳಿ’ ಎಂದು ಬರೆದರೆ ಪೂರ್ತಿ.

ಕಂಪ್ಯೂಟರಿನ ಪರದೆಯ ಮೇಲೆ ಪಾಠ ನಡೆಯುತ್ತಿರುವುದರಿಂದ ಈ ಮಾಹಿತಿಗೆ ಹೊರಗೆ ಬೇರೆ ಪುಟ್ಟ ಪರದೆ ಇಟ್ಟರೆ ಒಳ್ಳೆಯದು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಎಲ್‌ಸಿಡಿ ಫಲಕದಲ್ಲಿ ಸಾಲಿಗೆ 16 ಅಕ್ಷರದಂತೆ 2 ಸಾಲು ಹಿಡಿಸುತ್ತವೆ. ಅದನ್ನು ಆರ್ಡುಯಿನೊ ಬೋರ್ಡಿಗೆ ಜೋಡಿಸಿ, ಬೋರ್ಡನ್ನು ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಸೇರಿಸಬೇಕು. ಕಂಪ್ಯೂಟರಿನಲ್ಲಿರುವ ಪುಟ್ಟ ಪ್ರೋಗ್ರಾಂ ಸೆಕೆಂಡಿಗೊಮ್ಮೆ ಅಂಕಿಗಳನ್ನು ಕಳಿಸುತ್ತದೆ. ಅದಕ್ಕಿಂತ ಬೇಗ ಬೇಡ, ಕಣ್ಣೂ ಓದಲಾರದು, ಅಳೆಯುವ ಕೆಲಸವೇ ಯಂತ್ರಕ್ಕೆ ಹೊರೆಯಾಗುತ್ತದೆ.

ಇಲ್ಲಿ ಕನ್ನಡದ ಪ್ರಶ್ನೆ ಬರುತ್ತದೆ. ಇಂಥ ಫಲಕಗಳನ್ನು ನಡೆಸುವ ಎಚ್‌ಡಿ44780 ಎಂಬ ಚಿಪ್ಪಿನ ಒಳಗೆ ಇಂಗ್ಲಿಷ್ ಅಕ್ಷರಗಳಿವೆ, ಅದರ ಒಂದು ಬಗೆಯಲ್ಲಿ ಜಪಾನಿ ಅಕ್ಷರಗಳೂ ಇವೆ, ಕನ್ನಡ ಇಲ್ಲ. ನಾವೇ ರಚಿಸಿಕೊಳ್ಳಲು 8 ಅಕ್ಷರಗಳಿಗೆ ಮಾತ್ರ ಜಾಗವಿದೆ. ಪ್ರತಿಯೊಂದಕ್ಕೂ ಅಗಲ 5 ಚುಕ್ಕಿ, ಎತ್ತರ 8 ಚುಕ್ಕಿ. ನಮ್ಮ ದುಂಡು ಅಕ್ಷರ, ಗುಣಿತ, ಒತ್ತು ಇವೆಲ್ಲ ಆ 40 ಚುಕ್ಕಿಗಳ ಗೂಡಿನಲ್ಲಿ ಕೂರುವುದು ಕಷ್ಟ. ರಂಗೋಲಿ ಹಾಕುವ ಮಕ್ಕಳು ಚೌಕುಳಿ ಹಾಳೆಯ ಮೇಲೆ ‘ಸಿ’ ಬರೆದು ಪ್ರಯತ್ನಿಸಿ ನೋಡಿ, ತಿಳಿಯುತ್ತದೆ. ಇದಕ್ಕೆ ದಾರಿ 128 ಚುಕ್ಕಿ ಅಗಲ, 64 ಚುಕ್ಕಿ ಎತ್ತರದ ಓಎಲ್‌ಇಡಿ ಫಲಕ. ಅದರಲ್ಲಿ 8192 ಚುಕ್ಕಿಗಳಿವೆ. ಪದವನ್ನು ಚಿತ್ರದಂತೆ ಚುಕ್ಕಿ ಚುಕ್ಕಿಯಾಗಿ ಬರೆದಿಟ್ಟರೆ ಅಚ್ಚುಕಟ್ಟಾಗಿ ಮೂಡುತ್ತದೆ. ಆದರೆ ಒಂದು ಪೂರ್ತಿ ಚಿತ್ರಕ್ಕೆ 1024 ಬೈಟ್ ಬೇಕು, ಆರ್ಡುಯಿನೊ ಊನೊ ಆರ್3 ಬೋರ್ಡಿನ ಕೆಲಸದ ಸ್ಮರಣೆ ಇರುವುದೇ 2048 ಬೈಟ್. ಅರ್ಧ ಮನೆ ಅದಕ್ಕೇ ಹೋಯಿತು. ಉಳಿದ ಅರ್ಧದಲ್ಲಿ ಸಂಸಾರ ನಡೆಸುವುದೇ ಜಾಣತನ. ನಮ್ಮ ಹಳ್ಳಿಯ ಮಗುವಿಗೆ ತನ್ನ ಭಾಷೆಯಲ್ಲಿ ಎಚ್ಚರಿಕೆ ಸಿಗಬೇಕೆಂದರೆ ಯಾರಾದರೂ ಕೂತು ಆ ಚುಕ್ಕಿಗಳನ್ನು ಎಣಿಸಲೇಬೇಕು. ಅದು ನೀವೇ ಏಕಾಗಬಾರದು?

ಕೊನೆಯದಾಗಿ ಒಂದು ಮುಖ್ಯ ಮಾತು. ಕಂಪ್ಯೂಟರು ಪೂರ್ತಿ ಸ್ತಬ್ಧವಾದರೆ ಹೊರಗಿನ ಫಲಕದ ಮೇಲೆ ಏನಿರುತ್ತದೆ? ಕೊನೆಗೆ ಬಂದ ಅಂಕಿ ಹಾಗೇ ಉಳಿದಿರುತ್ತದೆ. ಯಂತ್ರ ಕಣ್ಣು ಮುಚ್ಚಿದ್ದರೂ ಫಲಕ ‘55 ಡಿಗ್ರಿ, ಕ್ಷೇಮ’ ಎನ್ನುತ್ತಿರುತ್ತದೆ. ಊರಿನಿಂದ ಹೋದ ತಿಂಗಳು ಬಂದ ಪತ್ರವನ್ನು ಇವತ್ತಿನ ಸುದ್ದಿ ಎಂದು ಓದಿದಂತೆ. ಆದ್ದರಿಂದ ಬೋರ್ಡಿಗೆ ಒಂದು ನಿಯಮ ಬರೆಯಬೇಕು: ಐದು ಸೆಕೆಂಡು ಹೊಸ ಅಂಕಿ ಬಾರದಿದ್ದರೆ ಹಳೆಯದನ್ನು ಅಳಿಸಿ ‘ಸುದ್ದಿ ಇಲ್ಲ’ ಎಂದು ತೋರಿಸು. ತಿಳಿಯದಿದ್ದಾಗ ತಿಳಿಯದು ಎನ್ನುವ ಪರದೆಯನ್ನು ಮಾತ್ರ, ಅದು ‘ಕ್ಷೇಮ’ ಎಂದಾಗ ನಂಬಬಹುದು.

ಹಳೆಯ ವಿದ್ಯಾರ್ಥಿಗಳ ಸಂಘದಿಂದ ಒಂದು ಬೋರ್ಡ್, ಒಂದು ಫಲಕ, ಬೇಕಾದ ತಂತಿಗಳನ್ನು ಶಾಲೆಗೆ ಒಪ್ಪಿಸಿದ್ದೇವೆ. ಅದರಲ್ಲಿ ಯಾವ ಪ್ರೋಗ್ರಾಮನ್ನೂ ತುಂಬಿಲ್ಲ, ಬೇಕೆಂದೇ ಹಾಗೆ ಬಿಟ್ಟಿದ್ದೇವೆ. ಎಂಟನೇ, ಒಂಬತ್ತನೇ ತರಗತಿಯ ಮಕ್ಕಳು ಮೊದಲು ಒಂದು ವಾರ ಪ್ರತಿ ಯಂತ್ರದ ಉಷ್ಣತೆಯನ್ನೂ ಹೊರೆಯನ್ನೂ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಪುಸ್ತಕದಲ್ಲಿ ಬರೆಯಲಿ. ಯಾವುದಕ್ಕೆ ಗಡಿ ಎಷ್ಟಿರಬೇಕು ಎಂಬುದು ಆ ಪುಸ್ತಕದಿಂದಲೇ ಹೊಳೆಯುತ್ತದೆ. ಆಮೇಲೆ ಮೇಷ್ಟರ ಎದುರಲ್ಲಿ, ಪ್ಲಗ್ ಕಿತ್ತು, ಧೂಳು ತೆಗೆಯಲಿ, ಮತ್ತೆ ಒಂದು ವಾರ ಬರೆಯಲಿ. ಎರಡು ವಾರಗಳ ಅಂಕಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ಅದೇ ವಿಜ್ಞಾನ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ಬಾವಿ ಮೊದಲೇ ಇರಲಿ ಎಂಬುದಷ್ಟೇ ನನ್ನ ಆಸೆ.